ಗೆರೆಯ ಮೇಲಿನ ಶಾಖೆ

ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಷಟರು ಎದ್ದಿತು.
ಬರೆದುಕೊಂಡೆ: ತಡ, ನಾಲ್ಕು ನಿಮಿಷ.
ಶ್ರೀರಾಮಪುರ ಶಾಖೆ, ಎರಡನೇ ದಿನ.
ಕೈಯಲ್ಲಿ ಸಂಸ್ಥೆ ಕೊಟ್ಟ ಸ್ಟಾಪ್‌ವಾಚು,
ತೊಡೆಯ ಮೇಲೆ ರಟ್ಟು, ರಟ್ಟಿಗೆ ಸಿಕ್ಕಿಸಿದ ನಮೂನೆ.

ಲೆಕ್ಕ ಸರಳ, ಮೇಷ್ಟರು ಬೋರ್ಡಿನ ಮೇಲೆ ತೋರಿಸಿದ್ದರು.
ಒಳಗೆ ಹೋಗುವುದು ಇಷ್ಟು: ನೌಕರರು, ಬಾಡಿಗೆ, ಕರೆಂಟು, ಕಾಗದ.
ಹೊರಗೆ ಬರುವುದು ಇಷ್ಟು: ಠೇವಣಿ, ಸಾಲ, ಮುಗಿದ ವಹಿವಾಟು.
ನಲವತ್ತೆರಡು ಶಾಖೆ, ನಲವತ್ತೆರಡು ಚುಕ್ಕಿ.
ತೀರ ಹೊರಗಿನ ಚುಕ್ಕಿಗಳನ್ನು ಜೋಡಿಸುತ್ತ ಹೋದರೆ ಒಂದು ಗೆರೆ;
ರಂಗೋಲಿ ಬಿಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.
ಗೆರೆಯ ಮೇಲೆ ಕೂತವರಿಗೆ ಅಂಕ ಒಂದು.
ಒಳಗೆ ಉಳಿದವರು ಗೆರೆಗೆ ಎಷ್ಟು ದೂರವೋ
ಅಷ್ಟು ಸೋಮಾರಿಗಳು.
ಮೇಷ್ಟರು ಸೋಮಾರಿ ಎನ್ನಲಿಲ್ಲ,
ಅದಕ್ಕೊಂದು ಮರ್ಯಾದೆಯ ಮಾತಿತ್ತು, ಮರೆತಿದ್ದೇನೆ.

ರಾಜಾಜಿನಗರಕ್ಕೆ ಒಂದು.
ಶ್ರೀರಾಮಪುರಕ್ಕೆ ಸೊನ್ನೆ ಪಾಯಿಂಟ್ ಆರು ಒಂದು.

ಮೂರನೇ ಕೌಂಟರು, ಇಂದ್ರಾಣಿ ಮೇಡಂ.
ಟೀಗೆ ಹೋದದ್ದು ಹನ್ನೊಂದಕ್ಕೆ, ಬಂದದ್ದು ಹನ್ನೊಂದು ಇಪ್ಪತ್ತೆರಡಕ್ಕೆ.
ಪಾಸ್‌ಬುಕ್ ಪ್ರಿಂಟರಿಗೆ ಎರಡು ಪೆಟ್ಟು, ಬಲಗಡೆಯಿಂದ,
ಆಮೇಲೆ ಅದು ಎಚ್ಚರಾಗಿ ಗೊರಗೊರ ಬರೆಯಿತು.

ಅಂಜಿನಮ್ಮ ಬಂದದ್ದು ಆಗ.
ಹೆಬ್ಬೆಟ್ಟಿಟ್ಟಳು. ಮಿಷನ್ನು ಕೆಂಪಾಯಿತು.
ಎಡ ಹೆಬ್ಬೆಟ್ಟು, ಕೆಂಪು. ತೋರುಬೆರಳು, ಕೆಂಪು.
ಸೆರಗಿಗೆ ಒರೆಸಿ, ತಲೆಗೂದಲಿಗೆ ಸವರಿ
ಹತ್ತೂ ಬೆರಳು ಒಂದೊಂದಾಗಿ ಇಟ್ಟು ನೋಡಿದಳು,
ಯಾರದೋ ಮನೆಯ ಬೀಗಕ್ಕೆ ತನ್ನ ಬೀಗದ ಗೊಂಚಲು ಹಾಕುವವಳಂತೆ.
‘ಊದುಬತ್ತಿ ಹೊಸೀತೀನಿ ಕಣಪ್ಪ, ಮೂವತ್ತು ವರ್ಷ.
ಸಾವಿರಕ್ಕೆ ಇಷ್ಟು ಅಂತ.’

ಬೆರಳ ಗೆರೆಯೆಲ್ಲ ಕಡ್ಡಿಗೆ ಹೋಗಿದೆ.
ಯಾವ ಯಾವ ಪಟದ ಮುಂದೆ ಉರಿದು
ಯಾವ ಯಾವ ಬಾಳೆಹಣ್ಣಿನ ಮೇಲೆ ಬೂದಿಯಾಯಿತೋ.

ಇಂದ್ರಾಣಿ ಹಳೆಯ ಫಾರಂ ಹುಡುಕಿದರು,
ಒಣಗಿದ ಇಂಕ್ ಪ್ಯಾಡಿಗೆ ನೀರು ಹನಿಸಿದರು,
ಮ್ಯಾನೇಜರ ಸಹಿ, ಸಾಕ್ಷಿಯ ಸಹಿ,
ಪೋಟೋ ನೋಡಿದರು, ಮುಖ ನೋಡಿದರು, ಮತ್ತೆ ಪೋಟೋ.
ಇಪ್ಪತ್ತಾರು ನಿಮಿಷ. ಮುಗಿದ ವಹಿವಾಟು: ಒಂದು.
ಮೊತ್ತ: ಆರುನೂರು ರೂಪಾಯಿ.

‘ನಿಮ್ಮ ಅಕೌಂಟು ಇಲ್ಲಿಯದಾ?’ ಕೇಳಿದೆ, ಸುಮ್ಮನೆ.
‘ರಾಜಾಜಿನಗರದ್ದು. ಮಿಸಿನ್ನು ಒಪ್ಪಲಿಲ್ಲ ಅಂದ್ರೆ
ಅಲ್ಲಿಯೋರು ಇಲ್ಲಿಗೆ ಹೋಗು ಅಂತಾರೆ.’

ಇಂದ್ರಾಣಿ ಡ್ರಾಯರು ಎಳೆದರು.
ಗುಂಡುಪಿನ್ನಿಗೆ ಚುಚ್ಚಿದ ಚೀಟಿಗಳು, ಒಂದು ಗೇಣು,
ಎಲ್ಲದರ ಮೇಲೂ ಒಂದೇ ಕೈಬರಹ:
ದಯವಿಟ್ಟು ಸಹಕರಿಸಿ.
‘ದಿನಕ್ಕೆ ಒಂಬತ್ತೋ ಹತ್ತೋ’ ಎಂದರು, ‘ಮಳೆ ಬಂದರೆ ಕಮ್ಮಿ.’

ನಮೂನೆ ತಿರುವಿದೆ.
ಬಂದವರಿಗೆ ಕಲಂ ಇದೆ. ಕಳಿಸಿದವರಿಗೆ ಇಲ್ಲ.
ಮೇಷ್ಟರಿಗೆ ಫೋನು ಮಾಡಿದೆ.
ಈಗ ಕಲಂ ಸೇರಿಸಿದರೆ ನಲವತ್ತೆರಡನ್ನೂ ಮತ್ತೆ ಅಳೆಯಬೇಕಪ್ಪ,
ವರದಿ ಶುಕ್ರವಾರಕ್ಕೆ, ಎಂದರು. ಸಿಟ್ಟಿಲ್ಲ, ಸುಸ್ತಿತ್ತು.

ಹಿಂದಿನ ಟಿಪ್ಪಣಿ ಹೊಡೆದುಹಾಕಲು ಪೆನ್ನೆತ್ತಿದೆ.
‘ಟೀ ಅಳಿಸಬೇಡಿ’ ಎಂದರು ಇಂದ್ರಾಣಿ, ಗಾಜಿನಾಚೆಯಿಂದ,
‘ಕುಡಿದದ್ದು ನಿಜ.
ಆ ಚೀಟಿಗಳೂ ನಿಜ. ಎರಡನ್ನೂ ಬರೆಯಿರಿ,
ಇಲ್ಲಾ ಎರಡನ್ನೂ ಬಿಡಿ.’

ಅಂಜಿನಮ್ಮ ದುಡ್ಡು ಎಣಿಸಿ, ಮತ್ತೊಮ್ಮೆ ಎಣಿಸಿ,
ಏಳಲು ನನ್ನ ರಟ್ಟಿಗೆ ಕೈಯೂರಿದಳು.
‘ನಿಂಗೂ ಸಾವಿರಕ್ಕೆ ಇಷ್ಟು ಅಂತಾನಾ?’
‘ಇಲ್ಲಮ್ಮ. ನಮೂನೆಗೆ ಇಷ್ಟು.’
‘ಹಂಗಾರೆ ಬೇಗ ಬೇಗ ತುಂಬು’ ಎಂದು ಹೋದಳು.
ನಮೂನೆಯ ಮೂಲೆಯಲ್ಲಿ ಅವಳ ಹೆಬ್ಬೆಟ್ಟು ಉಳಿಯಿತು,
ನುಣ್ಣಗೆ, ಕಪ್ಪಗೆ, ಒಂದು ದೊಡ್ಡ ಚುಕ್ಕಿ.

ಸಂಜೆ ಓಕಳಿಪುರದ ಕೆಳಸೇತುವೆಯಲ್ಲಿ ಬಸ್ಸು ನಿಂತಿತು,
ನಿಂತೇ ಇತ್ತು.
ಜೇಬಿನಲ್ಲೇನೋ ಟಿಕ್ ಟಿಕ್ ಎಂದಂತಾಗಿ ತೆಗೆದು ನೋಡಿದರೆ
ಅವಳಿಗೆಂದು ಒತ್ತಿದ ವಾಚು ನಿಲ್ಲಿಸಿಯೇ ಇಲ್ಲ:
ಆರು ಗಂಟೆ ಹದಿನೇಳು ನಿಮಿಷ, ಇನ್ನೂ ಓಡುತ್ತಿದೆ.
ಇದನ್ನು ಯಾವ ಶಾಖೆಗೆ ಬರೆಯಲಿ?